ಹನ್ನೊಂದಕ್ಕೆ ನಿಂತ ಎಣಿಕೆ

ಪ್ರಿಯ ಓದುಗರೇ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಹೆಸರು, ಊರು, ದೇಶ ಯಾವುದನ್ನೂ ಅಚ್ಚು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದವರಿಗಾಗಿ ಸಾರಾಂಶ ಇಷ್ಟು: ಗಂಡ ಒಂದು ದೇಶದವರು, ಹೆಂಡತಿ ಇನ್ನೊಂದು ದೇಶದವರು. ಎರಡು ವರ್ಷದ ಹಿಂದೆ ವಿಚ್ಛೇದನ ಆಯಿತು. ಆರೂವರೆ ವರ್ಷದ ಮಗಳು ತಾಯಿಯ ದೇಶದಲ್ಲಿ ತಾಯಿಯ ಜೊತೆಗಿದ್ದಾಳೆ. ವರ್ಷಕ್ಕೊಮ್ಮೆ ಐದು ವಾರ ತಂದೆಯ ಬಳಿ, ವಾರಕ್ಕೆರಡು ಸಲ ವಿಡಿಯೊ ಕರೆ. ಮೆಟ್ಟಿಲು ಇಳಿಯುತ್ತಾ ತಂದೆಯ ಭಾಷೆಯಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದ ಮಗು ಈಗ ಹನ್ನೊಂದಕ್ಕೆ ನಿಂತು, ಹನ್ನೆರಡರಿಂದ ತಾಯಿಯ ಭಾಷೆಗೆ ಹೊರಳಿಬಿಡುತ್ತದೆ. ತಂದೆಗೆ ನಿದ್ದೆ ಹಾರಿದೆ.

ಕೇಳಿರುವುದು ಎರಡು ಪ್ರಶ್ನೆ. ಒಂದು, ಮಗುವಿನ ಮೇಲೆ ನನ್ನ ಸಂಸ್ಕೃತಿಗೆ ಕಾನೂನಿನಲ್ಲಿ ಹಕ್ಕೇ ಇಲ್ಲವೇ? ಇನ್ನೊಂದು ಕೊನೆಯ ಪುಟದ ಅಡಿಯಲ್ಲಿ, ಬೇರೆ ಶಾಯಿಯಲ್ಲಿದೆ: ಈ ಸಲ ರಜೆಗೆ ಬಂದವಳನ್ನು ವಾಪಸ್ ಕಳಿಸದೆ ಇಟ್ಟುಕೊಂಡರೆ ಏನಾಗುತ್ತದೆ? ಅವಳಿಗೆ ನನ್ನ ದೇಶದ ಪಾಸ್‌ಪೋರ್ಟೂ ಇದೆಯಲ್ಲ?

ಬೇರೆ ಶಾಯಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೇಡ. ಖಂಡಿತ ಬೇಡ.

1980ರ ಅಕ್ಟೋಬರ್ 25ರ ಹೇಗ್ ಒಪ್ಪಂದ ಇರುವುದೇ ಇಂಥ ಸಂದರ್ಭಕ್ಕೆ. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಮಗುವನ್ನು ಕದ್ದು ಗಡಿ ದಾಟಿಸುವುದೂ ಒಂದೇ, ಒಪ್ಪಿಗೆಯಿಂದ ಬಂದ ಮಗುವನ್ನು ಅವಧಿ ಮುಗಿದ ಮೇಲೆ ಹಿಡಿದಿಟ್ಟುಕೊಳ್ಳುವುದೂ ಒಂದೇ ಎನ್ನುತ್ತದೆ ಅದು. ಹದಿನಾರು ತುಂಬದ ಮಗು ಎಲ್ಲಿ ವಾಡಿಕೆಯಾಗಿ ವಾಸವಿತ್ತೋ ಅಲ್ಲಿಗೇ ಕಳಿಸಿ, ಯಾರ ಸುಪರ್ದಿಗೆ ಎಂಬ ಜಗಳವನ್ನು ಅಲ್ಲಿಯ ನ್ಯಾಯಾಲಯವೇ ತೀರ್ಮಾನಿಸಲಿ, ಇಷ್ಟೇ ಅದರ ಹೂರಣ. ಪಾಸ್‌ಪೋರ್ಟ್ ಯಾವ ಬಣ್ಣದ್ದು ಎಂದು ಯಾರೂ ಕೇಳುವುದಿಲ್ಲ. ಒಂದು ವರ್ಷದೊಳಗೆ ತಾಯಿ ಅರ್ಜಿ ಹಾಕಿದರೆ ವಾಪಸ್ ಕಳಿಸುವುದೇ ನಿಯಮ. ವರ್ಷ ದಾಟಿ, ಮಗು ಹೊಸ ಜಾಗಕ್ಕೆ ಒಗ್ಗಿಹೋಗಿದ್ದರೆ ಮಾತ್ರ ಬೇರೆ ಯೋಚನೆ. ಮಗುವಿಗೆ ಗಂಭೀರ ಅಪಾಯವಿದ್ದರೆ ಕಳಿಸದಿರಲು ಅವಕಾಶವಿದೆ. ಹೊಡೆತ ತಾಳದೆ ಮಗುವನ್ನು ಎತ್ತಿಕೊಂಡು ಓಡಿಬಂದ ಎಷ್ಟೋ ತಾಯಂದಿರು ಹಿಡಿಯುವ ಬಾಗಿಲು ಅದು, ಅವರ ಕಥೆಯೇ ಬೇರೆ. 'ಮಗಳು ನನ್ನ ಭಾಷೆ ಮರೆಯುತ್ತಿದ್ದಾಳೆ' ಎಂಬುದು ಆ ಬಾಗಿಲಲ್ಲಿ ತೂರುವುದಿಲ್ಲ.

ಎಲ್ಲ ದೇಶಗಳೂ ಸೇರಿಲ್ಲ ಎಂಬುದು ನಿಜ. ಜಪಾನ್ ಸೇರಿದ್ದು 2014ರಲ್ಲಿ, ಭಾರತ ಇನ್ನೂ ಸೇರಿಲ್ಲ. ಹಾಗೆಂದು ಸೇರದ ದೇಶದ ನೆಲದಲ್ಲಿ ನಿಂತರೆ ಬಚಾವಾದೆ ಎಂದುಕೊಳ್ಳಬೇಡಿ. ಅಲ್ಲಿಯ ನ್ಯಾಯಾಲಯ ಮಗುವಿನ ಹಿತವನ್ನು ತೂಗಿ ನೋಡಿ ವಾಪಸ್ ಕಳಿಸಬಹುದು. ಇತ್ತ ಮಗಳ ದೇಶದಲ್ಲಿ ನಿಮ್ಮ ಮೇಲೆ ಅಪಹರಣದ ಮೊಕದ್ದಮೆ ಹೂಡಿದರೆ, ಮುಂದೆ ಅವಳ ಶಾಲೆಯ ನಾಟಕಕ್ಕೆ ಹೋಗಿ ಕೂರಲೂ ನಿಮಗೆ ಆಗುವುದಿಲ್ಲ. ಸಿಕ್ಕರೂ ಸಿಕ್ಕೀತು ಅಧಿಕಾರಿಯೊಬ್ಬರ ಕಣ್ಗಾವಲಿನ ಒಂದು ಗಂಟೆಯ ಭೇಟಿ.

ಕಾನೂನು ಬಿಡಿ. ಐದು ವಾರಕ್ಕೆಂದು ತನ್ನ ಪೆಟ್ಟಿಗೆ ತಾನೇ ತುಂಬಿಕೊಂಡು ಬಂದವಳು ಅವಳು. ಒಂದು ಗೊಂಬೆ ತಂದು, ಇನ್ನೊಂದನ್ನು 'ನೀನು ಮನೆ ಕಾಯಿ' ಎಂದು ಹಾಸಿಗೆಯ ಮೇಲೆ ಕೂರಿಸಿ ಬರುತ್ತಾಳೆ ಎಂದು ನೀವೇ ಬರೆದಿದ್ದೀರಿ. ಆರನೇ ವಾರ ಆ ಗೊಂಬೆಯ ಬಗ್ಗೆ ಕೇಳಿದರೆ ಏನು ಹೇಳುತ್ತೀರಿ? ಯಾವ ಭಾಷೆಯಲ್ಲಿ ಹೇಳುತ್ತೀರಿ?

ಪಾಸ್‌ಪೋರ್ಟಿನ ಮೇಲೆ ನಿಮಗಿರುವ ನಂಬಿಕೆ ಪೂರ್ತಿ ಹುಚ್ಚಲ್ಲ, ಅದಕ್ಕೊಂದು ಇತಿಹಾಸವಿದೆ. 1902ರ ಹೇಗ್ ಒಪ್ಪಂದದ ಪ್ರಕಾರ ಅಪ್ರಾಪ್ತರ ಪೋಷಕತ್ವವನ್ನು ನಿರ್ಧರಿಸುತ್ತಿದ್ದುದು ಮಗು ಯಾವ ದೇಶದ ಪ್ರಜೆಯೋ ಆ ದೇಶದ ಕಾನೂನು. ಅದರ ಮೇಲೆ ಎರಡು ದೇಶಗಳೇ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವು. ತಂದೆ ಡಚ್, ತಾಯಿ ಸ್ವೀಡನ್ನಿನವರು. ಹುಡುಗಿ ಹುಟ್ಟಿದ್ದು ಸ್ವೀಡನ್ನಿನಲ್ಲಿ, ಪೌರತ್ವ ಮಾತ್ರ ತಂದೆಯದು. ತಾಯಿ ತೀರಿಕೊಂಡ ಮೇಲೆ ಸ್ವೀಡನ್ ಅವಳನ್ನು ತನ್ನ ಮಕ್ಕಳ ರಕ್ಷಣೆಯ ಕಾನೂನಿನಡಿ ಇರಿಸಿಕೊಂಡಿತು. ನಮ್ಮ ಪ್ರಜೆ, ನಮ್ಮ ಕಾನೂನು ಎಂದಿತು ನೆದರ್ಲೆಂಡ್ಸ್. 1958ರ ನವೆಂಬರಿನಲ್ಲಿ ಹನ್ನೆರಡು ನ್ಯಾಯಾಧೀಶರು ಸ್ವೀಡನ್ ಪರ, ನಾಲ್ವರು ವಿರುದ್ಧ. ಮಗು ಇರುವ ನೆಲಕ್ಕೆ ಅದನ್ನು ಕಾಯುವ ಹೊಣೆ ಇದೆ, ಪೋಷಕತ್ವದ ಒಪ್ಪಂದ ಅದಕ್ಕೆ ಅಡ್ಡಿಯಲ್ಲ ಎಂದಾಯಿತು. ಆಮೇಲೆ ಮಕ್ಕಳ ರಕ್ಷಣೆಯ ಬಗ್ಗೆಯೇ ಹೇಗ್‌ನ 1961ರ ಒಪ್ಪಂದ, 1996ರ ಒಪ್ಪಂದ ಬಂದವು. ಬಾವುಟ ಯಾವುದು ಎಂದು ಕೇಳುತ್ತಿದ್ದ ಕಾನೂನು, ಮಗುವಿನ ಶಾಲೆಯ ಚೀಲ ಯಾವ ಮನೆಯ ಗೂಟಕ್ಕೆ ನೇತುಬಿದ್ದಿದೆ ಎಂದು ಕೇಳತೊಡಗಿತು. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ. ನಿಮಗೆ ಕಹಿಯೆನಿಸಬಹುದು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಹಕ್ಕು ಇದೆ, ಆದರೆ ಅದು ನಿಮ್ಮ ಹೆಸರಿನಲ್ಲಿಲ್ಲ, ಮಗಳ ಹೆಸರಿನಲ್ಲಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 10ನೇ ವಿಧಿ, ತಂದೆತಾಯಿ ಬೇರೆ ಬೇರೆ ದೇಶದಲ್ಲಿದ್ದರೂ ಇಬ್ಬರೊಡನೆಯೂ ನಿಯಮಿತವಾದ ನೇರ ಒಡನಾಟ ಮಗುವಿನ ಹಕ್ಕು ಎನ್ನುತ್ತದೆ. 29ನೇ ವಿಧಿ ಇನ್ನೂ ಸ್ವಾರಸ್ಯವಾಗಿದೆ: ಶಿಕ್ಷಣವು ಮಗುವಿನಲ್ಲಿ ತಂದೆತಾಯಿಯ ಬಗ್ಗೆ, ತನ್ನ ಭಾಷೆ ಸಂಸ್ಕೃತಿಯ ಬಗ್ಗೆ, ತಾನು ಬದುಕುತ್ತಿರುವ ದೇಶದ ಬಗ್ಗೆ, ತನ್ನ ಮೂಲದ ದೇಶದ ಬಗ್ಗೆ ಗೌರವ ಬೆಳೆಸಬೇಕಂತೆ. ಇವೆಲ್ಲ ಒಂದೇ ವಾಕ್ಯದಲ್ಲಿವೆ, ನಡುವೆ 'ಅಥವಾ' ಇಲ್ಲ. 'ಅವಳು ನಮ್ಮವಳಾಗಿಯೇ ಉಳಿಯಬೇಕು' ಎಂದು ನೀವು ಬರೆದ ಸಾಲಿನಲ್ಲಿ ಆ 'ಏ'ಕಾರ ನನ್ನನ್ನು ಚುಚ್ಚಿತು.

ಹಾಗೆಂದು ತಾಯಿಯ ದೇಶದ ವ್ಯವಸ್ಥೆ ಸದಾ ನ್ಯಾಯವಾಗಿಯೇ ಇರುತ್ತದೆ ಎಂದೂ ನಾನು ಹೇಳುವುದಿಲ್ಲ. ಜರ್ಮನಿಯಲ್ಲಿ ಕಣ್ಗಾವಲಿನ ಭೇಟಿಯ ವೇಳೆ ಮಗುವಿನೊಡನೆ ಜರ್ಮನ್ ಬಿಟ್ಟು ತಮ್ಮ ಭಾಷೆ ಆಡಿದ್ದಕ್ಕೆ ಮಾತನ್ನೇ ನಿಲ್ಲಿಸಿದರು ಎಂದು ಬೇರೆ ದೇಶಗಳ ತಂದೆತಾಯಂದಿರು ವರ್ಷಗಟ್ಟಲೆ ಯುರೋಪಿಯನ್ ಸಂಸತ್ತಿಗೆ ದೂರು ಕೊಟ್ಟರು. 2018ರ ನವೆಂಬರಿನಲ್ಲಿ ಆ ಸಂಸತ್ತು ನಿರ್ಣಯ ಮಾಡಿ ಇದನ್ನು ಖಂಡಿಸಿತು. ಮಗುವನ್ನು ಮುಟ್ಟಲು ಬಿಟ್ಟು, ಮಾತಾಡಿಸಬೇಡ ಎಂದರೆ ಹೇಗಿರುತ್ತದೆ? ನಿಮ್ಮ ಕರೆಗಳಿಗೆ ಅಂಥ ಅಡ್ಡಿ ಇಲ್ಲ. ತಾಯಿಯೇ ಫೋನ್ ಹಚ್ಚಿಕೊಟ್ಟು ಪಕ್ಕದ ಕೋಣೆಗೆ ಹೋಗುತ್ತಾರೆ ಎಂದಿದ್ದೀರಿ. ಇದು ಸಣ್ಣ ಮಾತಲ್ಲ.

ಭಾಷೆ ಅಷ್ಟು ಬೇಗ ಹೋಗುತ್ತದೆಯೇ? ಹೋಗುತ್ತದೆ, ನಿಮ್ಮ ಹೆದರಿಕೆ ಸುಳ್ಳಲ್ಲ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದ ಮಕ್ಕಳನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಕೊರಿಯನ್ ವಾಕ್ಯ ಯಾವುದೆಂದು ಗುರುತಿಸಲೂ ಅವರಿಗೆ ಆಗಲಿಲ್ಲ. ಆದರೆ 2014ರಲ್ಲಿ ಮಾಂಟ್ರಿಯಲ್‌ನಿಂದ ಇನ್ನೊಂದು ಸುದ್ದಿ ಬಂತು. ಎಳೆತನದಲ್ಲೇ ಚೀನಾದಿಂದ ಬಂದು ಫ್ರೆಂಚ್ ಮಾತ್ರ ಬಲ್ಲ ಹುಡುಗಿಯರಿಗೆ ಚೀನೀ ಮಾತಿನ ದನಿಯ ಏರಿಳಿತಗಳನ್ನು ಕೇಳಿಸಿದಾಗ ಅವರ ಮಿದುಳು ಚೀನೀ ಭಾಷಿಕರ ಮಿದುಳಿನಂತೆಯೇ ಸ್ಪಂದಿಸಿತಂತೆ. ಆ ಮಕ್ಕಳಿಗೆ ಹಳೆಯ ಭಾಷೆಯ ನಂಟು ಪೂರ್ತಿ ಕಡಿದಿತ್ತು. ನಿಮ್ಮ ಮಗಳಿಗೆ ವರ್ಷಕ್ಕೆ ಐದು ವಾರ, ವಾರಕ್ಕೆ ಎರಡು ಕರೆ ಇವೆ.

ಆ ಕರೆಗಳನ್ನು ನೀವು ಏನು ಮಾಡುತ್ತಿದ್ದೀರಿ? 'ಕರೆ ಶುರುವಾದ ಕೂಡಲೇ ಎಣಿಸು ನೋಡೋಣ ಎನ್ನುತ್ತೇನೆ' ಎಂದು ಮೂರನೇ ಪುಟದಲ್ಲಿದೆ. ಸ್ವಾಮೀ, ವಾರಕ್ಕೆರಡು ಸಲ ಮೌಖಿಕ ಪರೀಕ್ಷೆ ಇಟ್ಟರೆ ಯಾವ ಮಗು ತಾನೇ ಖುಷಿಯಿಂದ ಫೋನ್ ಹಿಡಿದೀತು? ಕಳೆದುಹೋದ ಚಪ್ಪಲಿ, ಬಿದ್ದ ಹಲ್ಲು, ಯಾರೋ ಗೆಳತಿಯ ಮೇಲಿನ ಕೋಪ, ಇಂಥದ್ದನ್ನು ಅವಳು ಯಾವ ಭಾಷೆಯಲ್ಲಿ ಹೇಳಿದರೂ ಕೇಳಿಸಿಕೊಂಡು ನಿಮ್ಮ ಭಾಷೆಯಲ್ಲಿ ಉತ್ತರ ಕೊಡಿ. ಭೇಟಿಯ ದಿನಗಳನ್ನೂ ಮೆರವಣಿಗೆ ಮಾಡಬೇಡಿ. ಸುಮ್ಮನೆ ಬೇಸರ ಬರಲಿ, ಸಣ್ಣ ಜ್ವರ ಬರಲಿ, ಓರಗೆಯ ಮಕ್ಕಳೊಡನೆ ಜಗಳವಾಗಲಿ. ಜಗಳಕ್ಕೆ ಬೇಕಾದಷ್ಟು ಮಾತು ಬೇರೆ ಯಾವುದಕ್ಕೂ ಬೇಕಾಗುವುದಿಲ್ಲ.

ಇದಕ್ಕೆ ಬೇಕಾದದ್ದು ಸಮಯ. ನ್ಯಾಯಾಲಯದಿಂದ ಕೇಳಿ ಪಡೆಯಬಹುದಾದದ್ದೂ ಅದನ್ನೇ. ನಿಮ್ಮ ತೀರ್ಪಿನ ಪ್ರತಿಯಲ್ಲಿ 'ಎರಡೂ ಸಂಸ್ಕೃತಿಗಳನ್ನು ಗೌರವಿಸತಕ್ಕದ್ದು' ಎಂಬ ಸಾಲಿಗೆ ಗೆರೆ ಎಳೆದು ಕಳಿಸಿದ್ದೀರಿ. ಯಾರೂ ಪಾಲಿಸಬೇಕಿಲ್ಲದ ಸಾಲು ಅದು. ಅದರ ಬದಲು ಐದು ವಾರ ಎಂಟಾಗಲಿ, ವಾರಕ್ಕೊಂದು ಭಾಷೆಯ ಪಾಠಕ್ಕೆ ತಾಯಿ ಒಪ್ಪಲಿ, ಶುಲ್ಕ ನಿಮ್ಮದಿರಲಿ, ಹೊರಡುವ ಮತ್ತು ಮರಳುವ ದಿನಾಂಕ ಆದೇಶದಲ್ಲೇ ನಮೂದಾಗಲಿ. ಎರಡೂ ದೇಶ 1996ರ ಒಪ್ಪಂದದಲ್ಲಿದ್ದರೆ ಒಂದು ಕಡೆಯ ಆದೇಶಕ್ಕೆ ಇನ್ನೊಂದು ಕಡೆ ಮುಂಚಿತವಾಗಿಯೇ ಮಾನ್ಯತೆ ಪಡೆಯಬಹುದು. ಇಲ್ಲವಾದರೆ ಅದೇ ಒಕ್ಕಣೆಯ ಆದೇಶವನ್ನು ನಿಮ್ಮ ದೇಶದ ನ್ಯಾಯಾಲಯದಿಂದಲೂ ಮಾಡಿಸಲು ಆಗುತ್ತದೆಯೇ ಎಂದು ವಕೀಲರನ್ನು ಕೇಳಿ. ಮಗಳು ಮರಳಿ ಬರುತ್ತಾಳೆಂಬ ಖಾತ್ರಿ ಇದ್ದರೆ ತಾಯಿ ಎಂಟು ವಾರಕ್ಕೆ ಒಪ್ಪಿಯಾರು. ಆ ಖಾತ್ರಿ ಇಲ್ಲದಿದ್ದರೆ ಐದೂ ಉಳಿಯುವುದು ಕಷ್ಟ. ನಿಮ್ಮ ಬೇರೆ ಶಾಯಿಯ ಯೋಚನೆಯ ವಾಸನೆ ಅವರಿಗೆ ಆಗಲೇ ಹತ್ತಿದೆಯೋ ಏನೋ, ನನಗೆ ಆ ಅನುಮಾನವಿದೆ.

ಟಿಕೆಟ್ ಇನ್ನೂ ಮಾಡಿಸಿಲ್ಲ ಎಂದಿದ್ದೀರಿ. ಹೋಗುವುದು ಬರುವುದು ಎರಡನ್ನೂ ಒಟ್ಟಿಗೇ ಮಾಡಿಸಿ, ಮರಳುವ ಟಿಕೆಟಿನ ಪ್ರತಿಯನ್ನು ಇವತ್ತೇ ಅವಳ ತಾಯಿಗೆ ಕಳಿಸಿ.

ನಿಮ್ಮ,
ಸಂಪಾದಕ