ಹಿತ್ತಲ ಕಾಡಿಗೆ ಮಾರ್ಕ್ಸ್ ಕೊಡುವ ಮುಂಚೆ ಬಗ್ಗಿ ನೋಡಿ

ಪ್ರಶ್ನೆ: ಮ್ಯಾಸಚೂಸೆಟ್ಸ್‌ನ ನಡುಭಾಗದಲ್ಲಿ ಮನೆ ಕೊಂಡಿದ್ದೇವೆ. ಹಿಂದೆ ಮೂರು ಎಕರೆ ಕಾಡಿದೆ. ಆ್ಯಪ್ ಹಿಡಿದು ಎಣಿಸಿದರೆ 14 ಜಾತಿ ಮರ ಸಿಕ್ಕವು. ತೋಟದ ಕಂಟ್ರಾಕ್ಟರ್ ಒಬ್ಬರು, ‘ಕೆಳಗಿನ ಗಿಡಗಂಟಿಯೆಲ್ಲ ಸವರಿ ಇನ್ನೂ 20 ಜಾತಿ ನೆಟ್ಟುಕೊಡ್ತೀನಿ’ ಅನ್ನುತ್ತಿದ್ದಾರೆ. ಮಾಡಿಸೋಣವೇ?

ಉತ್ತರ: ಬೇಡ. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡೋದು ಬಿಟ್ಟಿದ್ದೇನೆ.

14 ಜಾತಿ ಅಂದಿರಿ, ಯಾವುದು ಎಷ್ಟೆಷ್ಟು ಅಂತ ಹೇಳಲೇ ಇಲ್ಲ. ಒಂದು ಕಾಡಲ್ಲಿ ನೂರು ಮರ, ಹತ್ತು ಜಾತಿ ಅಂದುಕೊಳ್ಳಿ. 91 ಮರ ರೆಡ್ ಮೇಪಲ್, ಮಿಕ್ಕ ಒಂಬತ್ತು ಜಾತಿ ಒಂದೊಂದೇ. ಪಕ್ಕದ ಕಾಡಲ್ಲಿ ಹತ್ತು ಜಾತಿಯೂ ಹತ್ತತ್ತು ಮರ. ಜಾತಿ ಎಷ್ಟು ಅನ್ನುವುದರ ಜೊತೆಗೆ ಯಾವುದು ಎಷ್ಟೆಷ್ಟು ಅಂತಲೂ ತೂಗುವ ಸಿಂಪ್ಸನ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಎರಡನೆಯದು ಹತ್ತು ಜಾತಿಯ ಕಾಡು. ಮೊದಲನೆಯದು ಬರೀ 1.2!

ಕಾಡಿನೊಳಗೆ ಮೋಟು ಕಲ್ಲುಗೋಡೆ ಇದೆ ಅಲ್ವಾ? ಆ ಕಡೆ ಇದ್ದೇ ಇರುತ್ತದೆ. ಕಾಡಿಗೆ ಯಾರೂ ಗೋಡೆ ಕಟ್ಟುವುದಿಲ್ಲ. 19ನೇ ಶತಮಾನದ ನಡುವಿಗೆ ಅಲ್ಲಿನ ಅರ್ಧಕ್ಕಿಂತ ಜಾಸ್ತಿ ನೆಲ ಹೊಲ, ಹುಲ್ಲುಗಾವಲು. ಆಮೇಲೆ ರೈತರು ಬಿಟ್ಟುಹೋದರು. ಪಾಳುಬಿದ್ದ ನೆಲಕ್ಕೆ ಗಾಳಿಯಲ್ಲಿ ವೈಟ್ ಪೈನ್ ಬೀಜ ಬಂತು. 1900ರ ಆಚೀಚೆ ಆ ಪೈನನ್ನು ಕಡಿದು ಪೆಟ್ಟಿಗೆ ಹಲಗೆ ಮಾಡಿದರು. ಕಡಿದ ಪೈನ್ ಬುಡ ಮತ್ತೆ ಚಿಗುರುವುದಿಲ್ಲ. ನೆರಳಲ್ಲಿ ಕಾದು ಕುಳಿತಿದ್ದ ಓಕ್, ಮೇಪಲ್ ಮೇಲೆದ್ದವು. 1938ರ ಸೆಪ್ಟೆಂಬರ್‌ನ ಚಂಡಮಾರುತ ಉಳಿದ ಪೈನ್ ತೋಪುಗಳನ್ನು ಮಲಗಿಸಿತು. ಆಗಲೂ ಅಷ್ಟೇ, ಕೆಳಗಿದ್ದವೇ ಮುಂದಿನ ಕಾಡಾದವು. ಪೀಟರ್‌ಶ್ಯಾಮ್‌ನಲ್ಲಿ 1907ರಲ್ಲಿ ಶುರುವಾದ ಸಂಶೋಧನಾ ಕಾಡು ಹಾರ್ವರ್ಡ್ ಫಾರೆಸ್ಟ್‌ನವರು ಈ ಕಥೆಯನ್ನು ಮರಮರವಾಗಿ ಬಿಡಿಸಿಟ್ಟಿದ್ದಾರೆ. ನಿಮ್ಮ ಕಂಟ್ರಾಕ್ಟರ್ ಸವರುತ್ತೇನೆ ಅನ್ನುವುದು ಇದೇ ಕೆಳಗಿನ ಪದರವನ್ನು. ಅದಕ್ಕೆ ನೀವು ದುಡ್ಡು ಬೇರೆ ಕೊಡುತ್ತೀರಿ.

ಆ್ಯಪ್ ಒಳಗಿಡಿ. ಮೊಣಕಾಲಿನಿಂದ ಎದೆಮಟ್ಟದವರೆಗಿನ ಸಸಿಗಳನ್ನು ಎಣಿಸಿ. ಮೇಲೆ ದೊಡ್ಡ ಓಕ್‌ಗಳು, ಕೆಳಗೆ ಒಂದೂ ಓಕ್ ಸಸಿ ಇಲ್ಲ ಅಂದರೆ ಜಿಂಕೆ ತಿನ್ನುತ್ತಿರಬೇಕು, ಇಲ್ಲವೇ ನೆರಳು ಜಾಸ್ತಿಯಾಗಿರಬೇಕು. ಯಾವುದು ಅಂತ ತಿಳಿಯಲು ಒಂದು ಮೂಲೆಗೆ ಎಂಟಡಿ ಎತ್ತರದ ಬೇಲಿ ಹಾಕಿ, ಮೂರು ವರ್ಷ ಬಿಟ್ಟು ಒಳಗೂ ಹೊರಗೂ ನೋಡಿ. ಮೂರು ವರ್ಷವಾ ಅನ್ನಬೇಡಿ. ಕಾಡಿಗೆ ಅದು ಒಂದು ಆಕಳಿಕೆ.

ಕೀಳಲೇಬೇಕೆಂದರೆ ಹೊರಗಿನಿಂದ ಬಂದು ಹಬ್ಬುವ ಬಾರ್ಬೆರಿ, ಬರ್ನಿಂಗ್ ಬುಷ್, ನಾರ್ವೆ ಮೇಪಲ್ ಕೀಳಿ. ಎಲೆತೊಟ್ಟು ಮುರಿದಾಗ ಬಿಳಿ ಹಾಲು ಬರುವ ಮೇಪಲ್ ಸಿಕ್ಕರೆ ಅದು ನಾರ್ವೆ. ಹೆಮ್ಲಾಕ್ ಅನ್ನುವ ಸೂಜಿ ಎಲೆಯ ಮರದಲ್ಲಿ, ಎಲೆಯ ಬುಡಕ್ಕೆ ಹತ್ತಿಯಂಥದ್ದು ಕಂಡರೆ ಅದು ರಸ ಹೀರುವ ಅಡೆಲ್ಜಿಡ್ ಹುಳ. ಗಾಬರಿಯಲ್ಲಿ ಮರ ಕಡಿಸಬೇಡಿ. ಹಿಂದೊಮ್ಮೆ ನಾನು ಕಡಿಸಿದೆ. ಈಗ ಅಲ್ಲಿ ಬ್ಲ್ಯಾಕ್ ಬರ್ಚ್ ಬಿಟ್ಟರೆ ಏನಿಲ್ಲ. ಅಂದಿನಿಂದ ‘ಕಡಿಯಿರಿ’ ಅನ್ನುವ ಮಾತು ನನ್ನ ಬಾಯಿಂದ ಬೇಗ ಬರುವುದಿಲ್ಲ.

ಪ್ರಶ್ನೆ: ಬೇರಿನ ಜೊತೆ ಕೂಡಿ ಬದುಕುವ ಶಿಲೀಂಧ್ರದ ಪುಡಿ ಮಾರುತ್ತಾರಲ್ಲ, ಅದನ್ನು ಕಾಡಿಗೂ ಹಾಕಬಹುದೇ?

ಉತ್ತರ: ಕಾಡಿನ ಮಣ್ಣಲ್ಲಿ ಅದು ಪುಕ್ಕಟೆಯಾಗಿ ಇದೆ. ಮಾರುವವರಿಗೆ ಇದು ಗೊತ್ತು.

ಪ್ರಶ್ನೆ: ಊರ ಕಡೆಯ ಕಾಡಿಗೆ ಹೋಲಿಸಿದರೆ ಇಲ್ಲಿ ಜಾತಿ ಕಮ್ಮಿ. ಕಳಪೆ ಕಾಡೇ?

ಉತ್ತರ: ಬಂಡೀಪುರದ ಪಕ್ಕದ ಮುದುಮಲೈನಲ್ಲಿ 50 ಹೆಕ್ಟೇರ್ ಅಧ್ಯಯನ ಜಾಗಕ್ಕೆ ಸುಮಾರು 70 ಜಾತಿ. ಮಲೇಷ್ಯಾದ ಪಾಸೋದಲ್ಲಿ ಅಷ್ಟೇ ಜಾಗಕ್ಕೆ ಸುಮಾರು 800. ಹಾಗಾದರೆ ಮುದುಮಲೈ ಕಳಪೆಯೇ?

ಪ್ರಶ್ನೆ: ಅಮೆರಿಕನ್ ಚೆಸ್ಟ್‌ನಟ್ ಗಿಡ ಸಿಕ್ಕಿದೆ. ದೊಡ್ಡ ಮರವಾಗುತ್ತದೆಯೇ?

ಉತ್ತರ: ಆಗುವುದು ಕಷ್ಟ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡ ರೋಗ ಕಾಂಡವನ್ನು ಕೊಲ್ಲುತ್ತದೆ, ಬೇರನ್ನಲ್ಲ. ನೀವು ನೋಡಿದ್ದು ಬಹುಶಃ ಹಳೇ ಬುಡದ ಹೊಸ ಚಿಗುರು. ಸ್ವಲ್ಪ ಬೆಳೆದು ಸಾಯುತ್ತದೆ, ಮತ್ತೆ ಚಿಗುರುತ್ತದೆ. ಆ ಕಂಟ್ರಾಕ್ಟರ್ ಕೈಗೆ ಸಿಗದಂತೆ ಒಂದು ದಾರ ಕಟ್ಟಿಡಿ.