ಪೆಟ್ಟಿಗೆಯೊಳಗೊಂದು ಕಳ್ಳಖಾನೆ

ಕಳೆದ ಸಲ ಮರದ ಪೆಟ್ಟಿಗೆಯ ಮೂಲೆ ಜೋಡಿಸುವ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಳ್ಳಖಾನೆಯ ಬಗ್ಗೆಯೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಬೇಡ, ಪೂರ್ತಿ ಅದೇ ಇರಲಿ.

ಪ್ರಶ್ನೆ: ಕೆಲಸದಿಂದ ನಿವೃತ್ತನಾಗಿದ್ದೇನೆ. ಮನೆಯಲ್ಲಿ ಗರಗಸ, ಉಳಿ, ಕೀಸುಳಿ ಎಲ್ಲ ಇದೆ, ಸ್ಟೂಲು, ಸಣ್ಣ ಕಪಾಟು ಮಾಡಿ ಅಭ್ಯಾಸ ಉಂಟು. ಮೊಮ್ಮಗಳಿಗೆ ಒಂದು ಪೆಟ್ಟಿಗೆ ಮಾಡಿಕೊಡಬೇಕು, ತಳದಲ್ಲಿ ಕಳ್ಳಖಾನೆ ಇರಬೇಕು ಅಂತ ಆಸೆ. ಆದರೆ ಎರಡು ತಳ ಹಾಕಿದರೆ ಹೊರಗಿನ ಎತ್ತರಕ್ಕೂ ಒಳಗಿನ ಆಳಕ್ಕೂ ತಾಳೆ ಆಗೋದಿಲ್ಲ. ನೋಡಿದವರಿಗೆ ಗೊತ್ತಾಗಲ್ವಾ? (ತೀರ್ಥಹಳ್ಳಿಯಿಂದ ಓದುಗರು)

ಉತ್ತರ: ಗೊತ್ತಾಗುತ್ತೆ. ನಿಮ್ಮ ಅನುಮಾನ ಸರಿಯಾಗಿದೆ, ಈ ಕೆಲಸದ ಕಷ್ಟ ಇರೋದೇ ಅಲ್ಲಿ. ಯಾರೂ ಟೇಪು ಹಿಡಿದು ಅಳೆಯೋದಿಲ್ಲ ನಿಜ, ಆದರೆ ಕಣ್ಣು ಸುಮ್ನೆ ಇರೋದಿಲ್ಲ, ಹೊರಗೊಮ್ಮೆ ಒಳಗೊಮ್ಮೆ ನೋಡಿ ಲೆಕ್ಕ ಹಾಕಿಬಿಡುತ್ತೆ. ಆದ್ದರಿಂದ ಒಳಗಿನ ಆಳ ಯಾಕೆ ಕಡಿಮೆ ಅನ್ನೋದಕ್ಕೆ ಹೊರಗಡೆ ಒಂದು ಕಾರಣ ಕಾಣಿಸಬೇಕು. ಆ ಕಾರಣ ಅಂದರೆ ಬುಡದ ಪಟ್ಟಿ. ಪೆಟ್ಟಿಗೆಯ ಕೆಳಭಾಗಕ್ಕೆ ಸುತ್ತಲೂ ಒಂದು ಅಗಲವಾದ ಪಟ್ಟಿ ಹೊಡೆದರೆ, ಪೆಟ್ಟಿಗೆ ಆ ಪಟ್ಟಿಯ ಮೇಲೆ ಕೂತಿದೆ, ಅದರ ತಳ ಪಟ್ಟಿಯ ಮೇಲಂಚಿನಿಂದ ಶುರುವಾಗುತ್ತೆ ಅಂತ ನೋಡುವವರು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ನಿಮ್ಮ ಖಾನೆ ಆ ಪಟ್ಟಿಯ ಹಿಂದೆ ಇರುತ್ತೆ.

ಅಳತೆ ಕೊಡುತ್ತೇನೆ. ಹೊರಗೆ 18 ಇಂಚು ಉದ್ದ, 12 ಇಂಚು ಅಗಲ, ಮುಚ್ಚಳ ಬಿಟ್ಟು 8 ಇಂಚು ಎತ್ತರ. ಗೋಡೆಯ ಹಲಗೆ ಮುಕ್ಕಾಲು ಇಂಚು ದಪ್ಪ. ಅಲ್ಲಿಗೆ ಒಳಗೆ ಹದಿನಾರೂವರೆ ಇಂಚು ಉದ್ದ, ಹತ್ತೂವರೆ ಇಂಚು ಅಗಲ ಸಿಗುತ್ತೆ. ಗೋಡೆಯ ಕೆಳ ಅಂಚಿನಿಂದ ಕಾಲು ಇಂಚು ಮೇಲೆ ತೋಡು ಕೊರೆದು ನಿಜವಾದ ತಳ ಕೂರಿಸಿ, 6 ಮಿಲಿಮೀಟರ್ ಪ್ಲೈವುಡ್ ಸಾಕು, ಅಂದರೆ ಹತ್ತಿರ ಹತ್ತಿರ ಕಾಲು ಇಂಚು. ಅದರ ಮೇಲೆ ಒಳಗೋಡೆಗೆ ಸುತ್ತ ಒಂದಿಂಚು ಎತ್ತರ, ಅರ್ಧ ಇಂಚು ದಪ್ಪದ ರೀಪು ಅಂಟಿಸಿ. ರೀಪಿನ ಮೇಲೆ ಇನ್ನೊಂದು 6 ಮಿಲಿಮೀಟರ್ ಪ್ಲೈ ಸುಮ್ನೆ ಕೂರುತ್ತೆ, ಅದೇ ಸುಳ್ಳು ತಳ. ಈಗ ಕೂಡಿಸಿ ನೋಡಿ: ಕಾಲು, ಕಾಲು, ಒಂದು, ಮತ್ತೆ ಕಾಲು, ಒಟ್ಟು ಒಂದೂ ಮುಕ್ಕಾಲು ಇಂಚು. ಹೊರಗಿನ ಬುಡದ ಪಟ್ಟಿಯೂ ಒಂದೂ ಮುಕ್ಕಾಲು ಇಂಚೇ ಇರಲಿ. ಒಳಗೆ ಕಾಣುವ ತಳ ಮತ್ತು ಹೊರಗಿನ ಪಟ್ಟಿಯ ಮೇಲಂಚು ಒಂದೇ ಮಟ್ಟಕ್ಕೆ ಬಂದವು. ಒಳಗಿನ ಆಳ ಆರೂಕಾಲು ಇಂಚು. ಯಾರಿಗೂ ಅನುಮಾನ ಬರೋದಿಲ್ಲ.

ತೆಗೆಯೋದು ಹೇಗೆ? ಬೆರಳು ಹಾಕುವ ತೂತು, ರಿಬ್ಬನ್ನು, ಇದ್ಯಾವುದೂ ಬೇಡ. ಸುಳ್ಳು ತಳದ ಮೇಲ್ಮೈಯಲ್ಲಿ, ಕಿರಿದಾದ ಅಂಚಿನ ಪಕ್ಕಕ್ಕೆ, ಒಂದು ಕಬ್ಬಿಣದ ವಾಷರ್ ಮುಳುಗುವಷ್ಟು ಆಳ ಕೊರೆದು ಅರಾಲ್ಡೈಟ್ ಅಂಟು ಹಾಕಿ ಕೂರಿಸಿ. ಒಂದೇ ಮಟ್ಟಕ್ಕೆ ಉಜ್ಜಿ, ಮೇಲೆ ಬಟ್ಟೆ ಅಂಟಿಸಿ. ಎತ್ತಬೇಕಾದಾಗ ಆ ಜಾಗಕ್ಕೆ ಒಂದು ಗಟ್ಟಿ ನಿಯೋಡಿಮಿಯಂ ಮ್ಯಾಗ್ನೆಟ್ ಇಟ್ಟು ಎಳೆದರೆ ಒಂದು ಕಡೆ ಮೇಲೇಳುತ್ತೆ, ಆಮೇಲೆ ಬೆರಳು ಸಾಕು. ವಾಷರ್ ಕೊಳ್ಳುವಾಗ ಅಂಗಡಿಯಲ್ಲೇ ಮ್ಯಾಗ್ನೆಟ್ ಹಿಡಿದು ನೋಡಿ, ಸ್ಟೇನ್‌ಲೆಸ್ ಸ್ಟೀಲ್‌ನವು ಎಷ್ಟೋ ಸಲ ಅಂಟೋದೇ ಇಲ್ಲ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಈ ಉಪಾಯ ಬೇಡ.

ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ತಳ ಬಿಗಿಯಾಗಿ ಕೂತರೆ ಕೆಳಗೆ ಗಾಳಿ ಹೋಗಲು ದಾರಿ ಇರೋದಿಲ್ಲ, ಎಳೆದರೆ ಹೀರಿ ಹಿಡಿದಂತೆ ಆಗುತ್ತೆ, ಮ್ಯಾಗ್ನೆಟ್ ಬಟ್ಟೆಯಿಂದ ಕಿತ್ತು ಬರುತ್ತೆ ಹೊರತು ತಳ ಅಲ್ಲಾಡೋದಿಲ್ಲ. ನಿಜವಾದ ತಳಕ್ಕೆ ನಾಲ್ಕು ಸಣ್ಣ ತೂತು ಕೊರೆದು, ಹುಳು ಬಾರದ ಹಾಗೆ ಒಳಗಿಂದ ತೆಳು ಜಾಲರಿ ಅಂಟಿಸಿ. ಸುಳ್ಳು ತಳವನ್ನು ಉದ್ದ ಅಗಲ ಎರಡರಲ್ಲೂ 3 ಮಿಲಿಮೀಟರ್ ಕಡಿಮೆ ಕತ್ತರಿಸಿ. ಬಟ್ಟೆ ಅಂಚಿನ ಸುತ್ತ ಮಡಚಿಕೊಂಡು ಬರುತ್ತಲ್ಲ, ಅದರ ದಪ್ಪವೂ ಈ ಲೆಕ್ಕದಲ್ಲೇ ಹೋಗುತ್ತೆ. ಗೋಡೆಗಳಿಗೂ ಅದೇ ಬಟ್ಟೆ ಅಂಟಿಸಿದರೆ ಸಂದು ಕಾಣೋದಿಲ್ಲ. ಸುಳ್ಳು ತಳದ ಅಡಿಗೆ ಉಣ್ಣೆ ಬಟ್ಟೆ ಅಂಟಿಸಿ, ಬೆರಳಲ್ಲಿ ಬಡಿದರೆ ಟೊಳ್ಳು ಶಬ್ದ ಬರಬಾರದು.

ಪ್ರಶ್ನೆ: ಮೂರು ಡ್ರಾಯರ್ ಇರುವ ಸಣ್ಣ ಮೇಜಿನ ಪೆಟ್ಟಿಗೆ ಮಾಡುತ್ತಿದ್ದೇನೆ. ಒಂದು ಡ್ರಾಯರನ್ನು ಗಿಡ್ಡ ಮಾಡಿ ಅದರ ಹಿಂದೆ ಜಾಗ ಬಿಡಬಹುದು ಅಂತ ಗೆಳೆಯರು ಹೇಳಿದರು. ಇದು ಹಳೇ ಉಪಾಯ ಅಲ್ವಾ? (ಧಾರವಾಡ)

ಉತ್ತರ: ಹಳೇದೇ, ಅದಕ್ಕೇ ಹುಡುಕುವವರಿಗೂ ಗೊತ್ತು. ಮೂರೂ ಡ್ರಾಯರ್ ಎಳೆದು ಪಕ್ಕಪಕ್ಕ ಇಟ್ಟರೆ ಮುಗಿಯಿತು. ಮೂರನ್ನೂ ಒಂದೇ ಉದ್ದ ಮಾಡಿ, ಮೂರೂ ಪೆಟ್ಟಿಗೆಯ ಆಳಕ್ಕಿಂತ ಮೂರು ಇಂಚು ಗಿಡ್ಡ ಇರಲಿ. ಹಿಂದುಗಡೆ ಉದ್ದಕ್ಕೂ ಒಂದು ತೆಳುವಾದ ಸುಳ್ಳು ಬೆನ್ನು ನಿಲ್ಲಿಸಿ.

18 ಮತ್ತು 19ನೇ ಶತಮಾನದ ಇಂಗ್ಲಿಷರ ಬರವಣಿಗೆ ಪೆಟ್ಟಿಗೆಗಳನ್ನು ನೋಡಿದ್ದೀರಾ? ಸೈನ್ಯದ ಅಧಿಕಾರಿಗಳು, ವ್ಯಾಪಾರಿಗಳು ಜೊತೆಗೆ ಒಯ್ಯುತ್ತಿದ್ದದ್ದು, ಬಿಚ್ಚಿದರೆ ಇಳಿಜಾರಿನ ಬರೆಯುವ ಹಲಗೆ ಆಗುತ್ತೆ. ಅವುಗಳಲ್ಲಿ ಲೇಖನಿ, ಮಸಿಬಾಟಲಿ ಇಡುವ ಜಾಗದ ಪಕ್ಕ ಒಂದು ಪುಟ್ಟ ಹಲಗೆ, ಬರೀ ಅಡ್ಡಗೋಡೆ ಅನ್ನೋ ಹಾಗೆ ಕಾಣುತ್ತೆ. ಸರಿಯಾದ ಜಾಗದಲ್ಲಿ ಅದುಮಿದರೆ ಒಳಗಿನ ಸ್ಪ್ರಿಂಗ್ ತಳ್ಳಿ ಆ ಹಲಗೆ ಹೊರಗೆ ಚಿಮ್ಮುತ್ತೆ, ಹಿಂದೆ ಎರಡು ಮೂರು ಪುಟಾಣಿ ಡ್ರಾಯರ್. ಅಡ್ಡಗೋಡೆ ಅಲ್ಲಿ ಇರಲೇಬೇಕು, ಅದಕ್ಕೇ ಯಾರೂ ಅದನ್ನು ಅನುಮಾನಿಸೋದಿಲ್ಲ. ನೀವೂ ಅಂಥದ್ದೇ ಯೋಚಿಸಿ: ಪೆಟ್ಟಿಗೆಯಲ್ಲಿ ಹೇಗೂ ಇರಬೇಕಾದ ಭಾಗ ಯಾವುದು, ಅದರ ಹಿಂದೆ ಜಾಗ ಮಾಡಬಹುದಾ? ಕೇರಳದ ನೆಟ್ಟೂರು ಪೆಟ್ಟಿ, ಆ ಹಿತ್ತಾಳೆ ಪಟ್ಟಿ ಹೊಡೆದ ಒಡವೆ ಪೆಟ್ಟಿಗೆ, ಅದರ ಮುಚ್ಚಳ ಗೋಪುರದ ಹಾಗೆ ಮೇಲೇರುತ್ತೆ. ಆ ಆಕಾರದ ಮುಚ್ಚಳ ಮಾಡಿ ಒಳಗೆ ಸಮತಟ್ಟಾದ ಹಲಗೆ ಕೂರಿಸಿದರೆ ಮೇಲೆ ಒಳ್ಳೆ ಜಾಗ ಸಿಗುತ್ತೆ. ಇಳಿಜಾರಾದದ್ದನ್ನು ಕಣ್ಣು ಸರಿಯಾಗಿ ಅಳೆಯಲಾರದು.

ಪ್ರಶ್ನೆ: ಹಲಸಿನ ಮರದಲ್ಲಿ ಮಾಡಿದರೆ ಆಗುತ್ತಾ? ನಮ್ಮಲ್ಲಿ ಮಳೆಗಾಲದಲ್ಲಿ ಕಪಾಟಿನ ಬಾಗಿಲೇ ಮುಚ್ಚೋಕಾಗಲ್ಲ. (ಮಂಗಳೂರು)

ಉತ್ತರ: ಧಾರಾಳವಾಗಿ ಮಾಡಿ, ಹಲಸು ಒಳ್ಳೆ ಮರ. ಆದರೆ ಹಳದಿ ಬಣ್ಣದ ಚೇಗು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗಕ್ಕೆ ಹುಳು ಹಿಡಿಯುತ್ತೆ. ಹಳೆ ಮನೆ ಕೆಡವಿದ ಕಡೆ ತೇಗದ ಹಲಗೆಯೋ ಹಲಸಿನ ತೊಲೆಯೋ ಸಿಕ್ಕರೆ ಬಿಡಬೇಡಿ, ಎಷ್ಟೋ ವರ್ಷ ಒಣಗಿದ ಮರ ಅದು. ಕೀಸುವ ಮೊದಲು ಮೊಳೆ ಇದೆಯಾ ನೋಡಿಕೊಳ್ಳಿ.

ಕಳ್ಳಖಾನೆಗೆ ಕಳ್ಳನಿಗಿಂತ ದೊಡ್ಡ ಶತ್ರು ಈ ಮಳೆಗಾಲ. ಮರ ತೇವ ಕುಡಿದು ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಉಬ್ಬೋದೇ ಇಲ್ಲ. ಸಾಮಾನ್ಯ ಡ್ರಾಯರ್ ಸಿಕ್ಕಿಕೊಂಡರೆ ಹಿಡಿ ಹಿಡಿದು ಎಳೆಯಬಹುದು. ಕಳ್ಳಖಾನೆಗೆ ಹಿಡಿಯೇ ಇಲ್ಲವಲ್ಲ! ಜೂನ್‌ನಲ್ಲಿ ಸಿಕ್ಕಿಕೊಂಡರೆ ದೀಪಾವಳಿವರೆಗೆ ಕಾಯಬೇಕು, ಇಲ್ಲಾ ಒಡೆಯಬೇಕು. ಅದಕ್ಕೇ ಅಲ್ಲಾಡುವ ಭಾಗಗಳಿಗೆಲ್ಲ ಪ್ಲೈವುಡ್ ಅಂತ ನಾನು ಒತ್ತಿ ಹೇಳೋದು. ಅದರ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರೋದರಿಂದ ಅಷ್ಟಾಗಿ ಉಬ್ಬೋದಿಲ್ಲ. ಗಟ್ಟಿ ಮರವೇ ಬೇಕು ಅಂತಿದ್ದರೆ ಅಗಲದ ಕಡೆ ಸಂದು ಜಾಸ್ತಿ ಬಿಡಿ. ಜಾರುವ ಜಾಗಕ್ಕೆ ಎಣ್ಣೆ ಹಚ್ಚಬೇಡಿ, ಮೇಣದಬತ್ತಿ ಉಜ್ಜಿ. ಸಾಧ್ಯವಾದರೆ ಕೊನೆಯ ಉಜ್ಜಾಟ ಮಳೆಗಾಲದಲ್ಲೇ ಮುಗಿಸಿ, ಆಗ ಸರಾಗವಾಗಿ ಜಾರಿದ್ದು ಬೇಸಿಗೆಯಲ್ಲಿ ಸಿಕ್ಕಿಕೊಳ್ಳೋದಿಲ್ಲ.

ಪ್ರಶ್ನೆ: ಇಂಥ ಪೆಟ್ಟಿಗೆಯಲ್ಲಿ ಒಡವೆ ಇಡಬಹುದಾ? ಲಾಕರ್ ಬಾಡಿಗೆ ಉಳಿಯುತ್ತೆ. (ದಾವಣಗೆರೆ)

ಉತ್ತರ: ಬೇಡ, ದಯವಿಟ್ಟು ಬೇಡ. ಮನೆಗೆ ನುಗ್ಗಿದ ಕಳ್ಳ ನಿಮ್ಮ ಖಾನೆ ಹುಡುಕುತ್ತಾ ಕೂರೋದಿಲ್ಲ, ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಲಾಕರ್‌ನಲ್ಲಿಟ್ಟದ್ದು ಬೆಂಕಿ, ಕಳ್ಳತನ ಅಥವಾ ಸಿಬ್ಬಂದಿಯ ಮೋಸದಿಂದ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ, 2022ರ ಜನವರಿಯಿಂದ ಜಾರಿಯಲ್ಲಿದೆ. ಮರದ ಪೆಟ್ಟಿಗೆಗೆ ಅಂಥ ಹೊಣೆ ಯಾರು ಹೊರುತ್ತಾರೆ?

ಪತ್ರ, ಫೋಟೋ, ಅಜ್ಜಿಯ ಕೈಬರಹದ ಅಡುಗೆ ಪುಸ್ತಕ, ಇವಕ್ಕೆ ಕಳ್ಳಖಾನೆ ಚೆಂದ. ಏನೇ ಇಟ್ಟರೂ ಮನೆಯಲ್ಲಿ ಇನ್ನೊಬ್ಬರಿಗೆ ತೆಗೆಯೋದು ಹೇಗೆ ಅಂತ ತೋರಿಸಿಡಿ. ಇಲ್ಲದಿದ್ದರೆ ಪೆಟ್ಟಿಗೆ ಯಾವತ್ತೋ ಗುಜರಿಗೆ ಹೋಗುತ್ತೆ, ಅದರ ಜೊತೆ ಒಳಗಿದ್ದದ್ದೂ ಹೋಗುತ್ತೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಪ್ರಪಂಚದಲ್ಲಿ ಇಂಥದ್ದರಲ್ಲಿ ಅತಿ ಅದ್ಭುತ ಯಾವುದು ಸರ್? ನಾನೂ ಒಂದು ಮಾಡಬಹುದಾ? (ಮೈಸೂರು)

ಉತ್ತರ: ನನ್ನ ಕಣ್ಣಿಗೆ ಜರ್ಮನಿಯ ಡೇವಿಡ್ ರೋಂಟ್‌ಗೆನ್ ಮಾಡಿದ ಕಪಾಟು. 1779ರ ಸುಮಾರಿನದು, ಪ್ರಷ್ಯದ ದೊರೆ 2ನೇ ಫ್ರೆಡ್ರಿಕ್ ವಿಲಿಯಂನ ಬಳಿ ಇತ್ತು, ಈಗ ಬರ್ಲಿನ್‌ನ ಮ್ಯೂಸಿಯಂನಲ್ಲಿದೆ. ಮೂರೂವರೆ ಮೀಟರ್ ಎತ್ತರ. ಕೀಲಿ ತಿರುಗಿಸಿದರೆ ಬಾಗಿಲು ತಾನೇ ತೆರೆಯುತ್ತೆ, ಒಳಗಿಂದ ಡ್ರಾಯರ್‌ಗಳು ತಾವೇ ಬರುತ್ತವೆ. ಆ ಕಾಲಕ್ಕೆ ಕರೆಂಟ್ ಎಲ್ಲಿತ್ತು, ಎಲ್ಲ ಸ್ಪ್ರಿಂಗು, ತೂಕದ ಗುಂಡು, ಸನ್ನೆಕೋಲಿನ ಕೆಲಸ.

ನೀನು ಕಲಿಯೋಕೆ ಮಾತ್ರ ಜಪಾನಿನ ಹಕೋನೆಯ ಪೆಟ್ಟಿಗೆ ನೋಡು. ಪಕ್ಕದ ಹಲಗೆ ಸ್ವಲ್ಪ ಜಾರಿಸಬೇಕು, ಆಗ ಇನ್ನೊಂದು ಕಡೆಯದು ಬಿಡುತ್ತೆ, ಹೀಗೆ ಸರಿಯಾದ ಕ್ರಮದಲ್ಲಿ ಹೋದರೆ ಕೊನೆಗೆ ಮುಚ್ಚಳ. ಮೇಲೆಲ್ಲ ಬಣ್ಣಬಣ್ಣದ ಮರದ ಚಿತ್ತಾರ ಇರೋದರಿಂದ ಸಂದು ಎಲ್ಲಿದೆ ಅಂತಲೇ ತಿಳಿಯೋದಿಲ್ಲ. ಮೊದಲು ದಪ್ಪ ರಟ್ಟಿನಲ್ಲಿ ಎರಡೇ ಜಾರಿಕೆಯ ಪೆಟ್ಟಿಗೆ ಮಾಡು. ಅದು ಸರಿಯಾಗಿ ತೆಗೆದು ಮುಚ್ಚೋಕೆ ಬಂದ ಮೇಲೆ ಮರಕ್ಕೆ ಕೈ ಹಾಕು, ಗರಗಸ ಹಿಡಿಯುವಾಗ ಮನೆಯಲ್ಲಿ ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ. ಮಾಡಿದ ಮೇಲೆ ಫೋಟೋ ಕಳಿಸು, ಇಲ್ಲಿ ಹಾಕೋಣ. ತೆಗೆಯೋ ಕ್ರಮ ಮಾತ್ರ ಬರೆಯಬೇಡ.