ಮನೆಯೊಳಗೆ ಫೈಲ್ ತೆವಳಿದರೆ ಪ್ಲಾನ್ ಏರಿಸಬೇಡಿ

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಕೆಳಗಿನ ಕಂಪ್ಯೂಟರಿನಿಂದ ಮಹಡಿಯ ಕಂಪ್ಯೂಟರಿಗೆ 50 ಜಿಬಿ ಕಳಿಸಲು ಒಂದೂಕಾಲು ಗಂಟೆ ಹಿಡಿಯುತ್ತದೆ. ಎರಡಕ್ಕೂ ಕೇಬಲ್ ಹಾಕಿದೆ. ವೇಗ ಸೆಕೆಂಡಿಗೆ 11 ಎಂಬಿ ದಾಟುವುದೇ ಇಲ್ಲ. ಇಂಟರ್ನೆಟ್ ಪ್ಲಾನ್ 100ರಿಂದ 300 ಮೆಗಾಬಿಟ್‌ಗೆ ಏರಿಸಿದರೂ ಅಷ್ಟೇ. ಇನ್ನೂ ದೊಡ್ಡ ಪ್ಲಾನ್ ಬೇಕಾ?

ಉತ್ತರ: ಬೇಡ. ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವ ಹೊತ್ತಿಗೆ ಜನ ಆಗಲೇ ದುಡ್ಡು ಕಟ್ಟಿರುತ್ತಾರೆ, ನನಗೆ ಬೇಜಾರು ಅದೇ. ನಿಮ್ಮ ಫೈಲ್ ಮನೆಯ ಹೊಸ್ತಿಲು ದಾಟುವುದೇ ಇಲ್ಲ. ಕೆಳಗಿನಿಂದ ರೂಟರಿಗೆ, ರೂಟರಿನಿಂದ ಮಹಡಿಗೆ, ಅಷ್ಟೇ ದಾರಿ. ಅಡುಗೆಮನೆಯಿಂದ ಜಗಲಿಗೆ ಕಾಫಿ ತರಲು ಶಿವಮೊಗ್ಗದ ಬಸ್ ಟಿಕೆಟ್ ಯಾಕೆ?

ನೀವು ಬರೆದ 11 ಅನ್ನುವ ಅಂಕಿಯೇ ಎಲ್ಲ ಹೇಳುತ್ತದೆ. ನೆಟ್‌ವರ್ಕಿನ ಲೆಕ್ಕ ಮೆಗಾಬಿಟ್‌ನಲ್ಲಿ, ಕಾಪಿ ಆಗುವಾಗ ಕಾಣುವ ಲೆಕ್ಕ ಮೆಗಾಬೈಟ್‌ನಲ್ಲಿ. 100ನ್ನು 8ರಿಂದ ಭಾಗಿಸಿ: 12.5. ಸಾಗಾಟದ ಖರ್ಚು ಕಳೆದರೆ 11 ಚಿಲ್ಲರೆ. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ 100 ಮೆಗಾಬಿಟ್‌ನ ಕೊಂಡಿ ಕೂತಿದೆ. ಎಲ್ಲ ಕಡೆ ಗಿಗಾಬಿಟ್, ಅಂದರೆ 1000 ಮೆಗಾಬಿಟ್, ಇದ್ದಿದ್ದರೆ 110ರ ಆಸುಪಾಸು ಸಿಗುತ್ತಿತ್ತು, ಇದೇ 50 ಜಿಬಿ ಎಂಟು ನಿಮಿಷದೊಳಗೆ ಮುಗಿಯುತ್ತಿತ್ತು.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. ಎರಡೂ ಕಂಪ್ಯೂಟರಿನಲ್ಲಿ ನೋಡಬೇಕು. ಎರಡೂ ಕಡೆ 100 ಇದ್ದರೆ ಮೊದಲ ಅನುಮಾನ ರೂಟರಿನ ಮೇಲೆ. ಡಬ್ಬದ ಮೇಲೆ ವೈಫೈ 1200 ಅಂತ ದಪ್ಪಕ್ಷರದಲ್ಲಿ ಬರೆದು, ಹಿಂದಿನ ಪೋರ್ಟ್ ಮಾತ್ರ 100ರದ್ದು ಕೊಡುವ ರೂಟರುಗಳು ಬೇಕಾದಷ್ಟಿವೆ. ರೂಟರ್ ಬದಲಿಸಬೇಕಿಲ್ಲ. ಐದು ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ ಸಣ್ಣ ಡಬ್ಬ) ತಂದು ಎರಡೂ ಕಂಪ್ಯೂಟರನ್ನು ಅದಕ್ಕೆ ಹಾಕಿ, ಅಲ್ಲಿಂದ ಒಂದು ಕೇಬಲ್ ರೂಟರಿಗೆ ಕೊಡಿ.

ಒಂದರಲ್ಲಿ ಮಾತ್ರ 100 ಇದ್ದರೆ ಆ ಕಡೆಯ ಕೇಬಲ್ ಹಿಡಿಯಿರಿ. ತುದಿಯ ಪ್ಲಗ್ ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಾಣುತ್ತದೆ. ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಬಿಳಿ ಪಟ್ಟೆಯ ಜೊತೆಗಾರ, ಒಟ್ಟು ಎಂಟು. 100ಕ್ಕೆ ಕಿತ್ತಳೆ, ಹಸಿರಿನ ನಾಲ್ಕು ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಕೇಬಲ್ ಉಳಿಸಲು ನಾಲ್ಕು ತಂತಿ ಇಂಟರ್ನೆಟ್‌ಗೆ, ಉಳಿದ ನಾಲ್ಕು ಸಿಸಿಟಿವಿಗೆ ಅಂತ ಹಂಚುವವರಿದ್ದಾರೆ. ಕೇಳಿದರೆ "ನೆಟ್ ಬರ್ತಾ ಇದೆಯಲ್ಲ ಸಾರ್" ಅನ್ನುತ್ತಾರೆ. ಬರುತ್ತದೆ, 100ರಲ್ಲಿ ಬರುತ್ತದೆ! ಇದು ಕೆಲಸವಲ್ಲ, ಗಿರಾಕಿಗೆ ಮಾಡುವ ಮೋಸ.

ಎಂಟೂ ಇದ್ದರೆ ಅಟ್ಟ ಹತ್ತಿ ನೋಡಿ. ಇಲಿ ಒಂದೇ ಒಂದು ತಂತಿ ಕಡಿದಿದ್ದರೂ ಕೊಂಡಿ 100ಕ್ಕೆ ಇಳಿಯಬಹುದು. ನಮ್ಮ ಮಳೆಗಾಲದ ತೇವಕ್ಕೆ ಅಗ್ಗದ ಪ್ಲಗ್ ಕಿಲುಬು ಹಿಡಿಯುತ್ತದೆ, ಹಾಗಿದ್ದರೆ ಹೊಸದು ಹಾಕಿಸಿ. ಕೇಬಲನ್ನೇ ಬದಲಿಸುವುದಾದರೆ ಶುದ್ಧ ತಾಮ್ರದ ಕ್ಯಾಟ್ 5ಇ, ಅಂದರೆ ಗಿಗಾಬಿಟ್ ತಾಳುವ ದರ್ಜೆಯ ಕೇಬಲ್, ಕೇಳಿ. ಅಂಗಡಿಯಲ್ಲೇ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ವಾಪಸ್ ಕೊಟ್ಟು ಬನ್ನಿ.

ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗಿನಲ್ಲಿ ಸ್ಪೀಡ್ ಅಂಡ್ ಡುಪ್ಲೆಕ್ಸ್ ಅನ್ನುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ, ಆಟೋದಲ್ಲೇ ಇರಲಿ. ಯಾವುದೋ ವಿಡಿಯೊ ನೋಡಿ ಒಂದು ತುದಿಯಲ್ಲಿ 100 ಫುಲ್ (ಏಕಕಾಲಕ್ಕೆ ಎರಡೂ ದಿಕ್ಕಿನ ಸಂಚಾರ) ಅಂತ ಬಿಗಿ ಮಾಡಿದರೆ ಇನ್ನೊಂದು ತುದಿ ಹಾಫ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಬೀಳುತ್ತದೆ. ಆಮೇಲೆ 11 ಕೂಡ ಸಿಗುವುದಿಲ್ಲ.

ಪ್ರಶ್ನೆ: ವಿಂಡೋಸ್ 20 ಪರ್ಸೆಂಟ್ ವೇಗ ತನಗೇ ಇಟ್ಟುಕೊಳ್ಳುತ್ತದಂತೆ, ಬಿಡಿಸಿಕೊಳ್ಳುವುದು ಹೇಗೆ?

ಉತ್ತರ: ಸುಳ್ಳು. ಹಾಗೆ ಹೇಳಿ ಬೂಸ್ಟರ್ ಸಾಫ್ಟ್‌ವೇರ್ ಮಾರುವವರನ್ನು ಬಾಗಿಲಲ್ಲೇ ನಿಲ್ಲಿಸಿ.

ಪ್ರಶ್ನೆ: ನಲವತ್ತು ಸಾವಿರ ಫೋಟೊ ಕಾಪಿ ಮಾಡುವಾಗ ಮಾತ್ರ ನಿಧಾನ.

ಉತ್ತರ: ಪ್ರತಿ ಫೈಲಿಗೂ ತೆರೆಯುವ, ಮುಚ್ಚುವ ಕೆಲಸ ಬೇರೆ ಇರುತ್ತದೆ. ಎಲ್ಲ ಸೇರಿಸಿ ಒಂದೇ ಜಿಪ್ ಮಾಡಿ ಕಳಿಸಿ.

ಪ್ರಶ್ನೆ: ಎರಡೂ ಲ್ಯಾಪ್‌ಟಾಪ್ ವೈಫೈನಲ್ಲಿವೆ, ವೇಗ ಅರ್ಧ.

ಉತ್ತರ: ಒಂದೇ ಫೈಲ್ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ ಅಲ್ವಾ? ಒಂದನ್ನಾದರೂ ಕೇಬಲ್‌ಗೆ ಹಾಕಿ. ದಪ್ಪ ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ವೈಫೈನ ವೇಗದ ತರಂಗ 5 ಗಿಗಾಹರ್ಟ್ಸ್ ಬೇಕಿದ್ದರೆ ರೂಟರ್ ಇರುವ ಕೋಣೆಯಲ್ಲೇ ಕೂರಿ.

ಪ್ರಶ್ನೆ: ಮನೆಯಿಂದ ಅಂಗಳದಾಚೆಯ ಅಡಿಕೆ ಗೋದಾಮಿಗೆ 60 ಮೀಟರ್ ಕೇಬಲ್ ಎಳೆಯಬಹುದಾ?

ಉತ್ತರ: 100 ಮೀಟರಿನವರೆಗೆ ಕೇಬಲ್ ಕೆಲಸ ಮಾಡುತ್ತದೆ. ಆದರೂ ಮಲೆನಾಡಿನಲ್ಲಿ ಎರಡು ಕಟ್ಟಡದ ನಡುವೆ ತಾಮ್ರ ಎಳೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಂದು ಸಿಡಿಲು ಸಾಕು, ಎರಡೂ ತುದಿಯ ಯಂತ್ರ ಸುಟ್ಟುಹೋಗಬಹುದು. ಲೋಹದ ಎಳೆ ಇಲ್ಲದ ಫೈಬರ್ ಹಾಕಿಸಿ, ಖರ್ಚು ಸ್ವಲ್ಪ ಜಾಸ್ತಿಯಾದರೂ ಚಿಂತೆಯಿಲ್ಲ. ಫೈಬರ್ ಇದೆ ಅಂತ ಮೈಮರೆಯಲೂ ಬೇಡಿ. ಕರೆಂಟಿನ ಲೈನಿನಿಂದಲೂ ಹೊಡೆತ ಬರುತ್ತದೆ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ರೂಟರಿನ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.